ಅಜ್ಜಿಯನ್ನು ತೆಗೆದುಕೊಂಡು ಹೋಗುವುದು

ಕಳೆದ ರವಿವಾರ ಬೆಳಿಗ್ಗೆ ನನ್ನ ಹೆಂಡತಿಯ ಮೊಣಕಾಲು ನೋವು ವಿಪರೀತವಾಯಿತು. ಡೊಂಬಿವಲಿಯ ನಮ್ಮ ಮನೆಯ ಹತ್ತಿರದ ದವಾಖಾನೆಗೆ ಈಗಲೇ ಹೋಗುವುದೋ, ಸೋಮವಾರದವರೆಗೆ ಕಾಯುವುದೋ ಎಂದು ನಾವಿಬ್ಬರೂ ಮಾತನಾಡುತ್ತಿದ್ದಾಗ, ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿರುವ ಮೊಮ್ಮಗಳು ನಡುವೆ ಬಾಯಿ ಹಾಕಿ, "ಅಜ್ಜ, ಅಜ್ಜೀನ್ನ ತಗೊಂಡು ಡಾಕ್ಟರ್ ಹತ್ರ ಹೋಗೋಣ" ಎಂದಳು. ನೋವಿನಲ್ಲಿಯೂ ನನ್ನ ಹೆಂಡತಿಗೆ ನಗೆ ತಡೆಯಲಾಗಲಿಲ್ಲ. ಅವಳು ಧಾರವಾಡದ ಕಡೆಯವಳು. "ನಾ ಏನು ಕಾಯಿಪಲ್ಲೆ ಚೀಲೇನವ್ವಾ, ತೊಗೊಂಡು ಹೋಗಲಿಕ್ಕೆ? ಕರಕೊಂಡು ಹೋಗೂಣು ಅನ್ನು" ಎಂದು ತಿದ್ದಿದಳು. ಹುಡುಗಿಗೆ ವ್ಯತ್ಯಾಸ ತಿಳಿಯಲಿಲ್ಲ. ರಿಕ್ಷಾ ಹತ್ತುವವರೆಗೂ ಎರಡನ್ನೂ ಬಾಯಲ್ಲಿ ಹೊರಳಿಸುತ್ತಲೇ ಇದ್ದಳು.

ಆ ತಪ್ಪು ಅವಳದಲ್ಲ, ಇಂಗ್ಲಿಷಿನ 'ಟೇಕ್' ಎಂಬ ಕ್ರಿಯಾಪದದ್ದು. ಇಂಗ್ಲಿಷಿನಲ್ಲಿ ಕೊಡೆಯನ್ನೂ ಟೇಕ್ ಮಾಡಬಹುದು, ಅಜ್ಜಿಯನ್ನೂ ಟೇಕ್ ಮಾಡಬಹುದು. ಅವಳು ಕಟ್ಟಡದ ಮಕ್ಕಳೊಡನೆ ಆಡುವ ಮರಾಠಿಯಲ್ಲಿಯೂ 'ಘೇಊನ್ ಜಾಣೆ' ಎಂಬುದು ಪುಸ್ತಕಕ್ಕೂ ಸಲ್ಲುತ್ತದೆ, ತಮ್ಮನಿಗೂ ಸಲ್ಲುತ್ತದೆ. ಕನ್ನಡ ಮಾತ್ರ ಇಲ್ಲಿ ಹಟ ಹಿಡಿದು ನಿಂತಿದೆ. ತನ್ನ ಕಾಲಿನ ಮೇಲೆ ನಡೆದು ಬರುವವರನ್ನು ಕರೆದುಕೊಂಡು ಹೋಗಬೇಕು, ಕೂಸನ್ನು ಎತ್ತಿಕೊಂಡು ಹೋಗಬೇಕು, ಮೂಟೆಯನ್ನು ಹೊತ್ತುಕೊಂಡು ಹೋಗಬೇಕು, ಒಲ್ಲದವನನ್ನು ಎಳೆದುಕೊಂಡು ಹೋಗಬೇಕು. ಕೈಗೆ ಸಿಕ್ಕುವ ವಸ್ತುವನ್ನು ಮಾತ್ರ ತೆಗೆದುಕೊಂಡು ಹೋಗಬೇಕು ಅಥವಾ ಒಯ್ಯಬೇಕು. ಮನುಷ್ಯರನ್ನು ಒಯ್ಯುವುದು ಅವರಿಗೆ ಬರಲು ಸಾಧ್ಯವಿಲ್ಲದಾಗ, ಅಂದರೆ ಕೊನೆಯ ಸಲ. ಮೊಮ್ಮಗಳ ಮಾತಿಗೆ ಹೆಂಡತಿ ನಕ್ಕಳಾದರೂ ನನಗೆ ಒಂದು ಕ್ಷಣ ಮುಳ್ಳು ಚುಚ್ಚಿದಂತಾದದ್ದು ಇದೇ ಕಾರಣಕ್ಕೆ.

ಈ ಕ್ರಿಯಾಪದದೊಡನೆ ನನ್ನ ಜಗಳ ಇಂದಿನದಲ್ಲ. 1974ರಲ್ಲಿ ಹದಿಮೂರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟ್ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ ನಾನು, ಹಗಲು ಲೋಟ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರಲ್ಲಿ ಒಬ್ಬ. ಅಂಥವರು ಆ ಕಾಲದಲ್ಲಿ ನೂರಾರು ಮಂದಿ ಇದ್ದರು. ಒಂದು ದಿನ ಪಾರಸಿ ಹಿರಿಯರೊಬ್ಬರು ತಣ್ಣಗಾಗಿದ್ದ ಮಸಾಲೆ ದೋಸೆಯನ್ನು ಬೆರಳಿನಿಂದ ಆಚೆ ತಳ್ಳಿ 'ಟೇಕ್ ಇಟ್ ಅವೇ' ಎಂದರು. ನನಗೆ ಆಗ ಬರುತ್ತಿದ್ದ ಇಂಗ್ಲಿಷಿನಲ್ಲಿ 'ಟೇಕ್' ಎಂದರೆ ತೆಗೆದುಕೊ, 'ಅವೇ' ಎಂದರೆ ದೂರ. ದೂರಕ್ಕೆ ತೆಗೆದುಕೊಂಡು ಹೋಗುವುದೆಂದರೆ ಪಾರ್ಸಲ್ ಅಲ್ಲದೆ ಮತ್ತೇನು? ದೋಸೆಯನ್ನು ಬಾಳೆಲೆಯಲ್ಲಿ ಮಡಚಿ, ಹಳೆಯ ಕಾಗದ ಸುತ್ತಿ, ದಾರ ಕಟ್ಟಿ, ವಿನಯದಿಂದ ಅವರ ಮುಂದೆಯೇ ತಂದಿಟ್ಟೆ. ಅವರು ಕಟ್ಟನ್ನೂ ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಗಲ್ಲೆಯ ಮೇಲೆ ಕೂತಿದ್ದ ಸಾಹುಕಾರರನ್ನು ಕೂಗಿದರು. ಮುಂದೆ ನಡೆದುದನ್ನು ಬರೆಯುವ ಅಗತ್ಯವಿಲ್ಲ. ಇಂದು ಅದೇ ನಗರದ ಹೋಟೆಲುಗಳಲ್ಲಿ ಪಾರ್ಸಲ್ ಕೊಡುವ ಕಿಂಡಿಯ ಮೇಲೆ 'ಟೇಕ್ ಅವೇ' ಎಂಬ ಫಲಕವನ್ನು ಕಂಡಾಗಲೆಲ್ಲ, ನಾನು ತಪ್ಪು ಮಾಡಿರಲಿಲ್ಲ, ಸ್ವಲ್ಪ ಮುಂಚಿತವಾಗಿ ಸರಿ ಮಾಡಿದ್ದೆ ಎಂದು ನನಗೆ ಅನಿಸುತ್ತದೆ.

ರಾತ್ರಿ ಶಾಲೆಯ ನಮ್ಮ ಮೇಷ್ಟರಿಗೆ ಈ ಕತೆ ಹೇಳಿದಾಗ ಅವರು ನಗಲಿಲ್ಲ. ಕರಿಹಲಗೆಯ ಮೇಲೆ ಒಂದು ಕೈಯ ಚಿತ್ರ ಬರೆದು, ಕೈ ಚಾಚಿ ಒಂದು ವಸ್ತುವನ್ನು ತನ್ನ ವಶಕ್ಕೆ ತಂದುಕೊಳ್ಳುವುದು, ಇದೊಂದೇ ಟೇಕ್‌ನ ಮೂಲ ಅರ್ಥವೆಂದೂ, ಉಳಿದುದೆಲ್ಲವೂ ಆ ಕೈ ಯಾವ ದಿಕ್ಕಿಗೆ ತಿರುಗಿತೆಂಬುದರ ಲೆಕ್ಕವೆಂದೂ ಹೇಳಿದರು. ಈ ಐವತ್ತು ವರ್ಷಗಳಲ್ಲಿ ನಾನು ಓದಿದ ಯಾವ ವ್ಯಾಕರಣ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ಕಾಣೆ. 'ಟೇಕ್ ಆಫ್' ಎಂಬುದನ್ನೇ ನೋಡಿ. ಮೈಗೆ ಅಂಟಿಕೊಂಡಿರುವುದನ್ನು ಬೇರ್ಪಡಿಸುವ ಅರ್ಥ ಅಲ್ಲಿದೆ. ಆದ್ದರಿಂದ ಅಂಗಿ ಕಳಚುವುದೂ ಟೇಕ್ ಆಫ್, ನೆಲಕ್ಕೆ ಅಂಟಿದ್ದ ವಿಮಾನ ಮೇಲೇಳುವುದೂ ಟೇಕ್ ಆಫ್, ಕೆಲಸದಿಂದ ಒಂದು ದಿನವನ್ನು ಕಿತ್ತುಕೊಂಡು ರಜೆ ಹಾಕುವುದೂ ಟೇಕ್ ಆಫ್. 'ಟೇಕ್ ಇನ್' ಇನ್ನೂ ಸೊಗಸಾದದ್ದು. ಅನಾಥನನ್ನು ಮನೆಯೊಳಗೆ ಸೇರಿಸಿಕೊಳ್ಳುವುದು, ಕೇಳಿದ ಮಾತನ್ನು ಮನಸ್ಸಿನೊಳಗೆ ಇಳಿಸಿಕೊಳ್ಳುವುದು, ಸಡಿಲವಾದ ರವಿಕೆಯ ಹೊಲಿಗೆಯನ್ನು ಒಳಕ್ಕೆ ಹಿಡಿಯುವುದು, ಇವು ಮೂರನ್ನೂ ಅದೇ ಎರಡು ಪದಗಳು ಹೇಳುತ್ತವೆ. ಮೋಸ ಹೋದವನನ್ನೂ 'ಟೇಕನ್ ಇನ್' ಎನ್ನುತ್ತಾರೆ. ಬಲೆಯ ಒಳಗೆ ಬಿದ್ದವನು ಎಂದು ನೆನಪಿಟ್ಟರೆ ಅದೂ ಸುಲಭ. ಚಕಿತನಾದವನನ್ನು 'ಟೇಕನ್ ಅಬ್ಯಾಕ್' ಎನ್ನುವುದು ಮಾತ್ರ ಹಾಯಿಹಡಗಿನ ನಾವಿಕರಿಂದ ಬಂದದ್ದು. ಎದುರುಗಾಳಿ ಹಠಾತ್ತಾಗಿ ಹಾಯಿಯನ್ನು ಹಿಂದಕ್ಕೆ ಕೂವೆಕಂಬಕ್ಕೆ ಒತ್ತಿದಾಗ ಹಡಗು ಗಕ್ಕನೆ ನಿಲ್ಲುತ್ತಿತ್ತಂತೆ. 'ಟೇಕ್ ಓವರ್', 'ಟೇಕ್ ಅಪ್', 'ಟೇಕ್ ಆನ್' ಮುಂತಾದವು ಕಚೇರಿಯಲ್ಲಿ ಸವೆದ ನಾಣ್ಯಗಳು. ಅವುಗಳ ಬಗೆಗೆ ಹೆಚ್ಚು ಬರೆಯಲು ನನಗೆ ಉತ್ಸಾಹವಿಲ್ಲ.

ಕುತೂಹಲದ ಸಂಗತಿಯೆಂದರೆ, ಇಂಗ್ಲಿಷರು ಇಷ್ಟೊಂದು ನೆಚ್ಚಿರುವ ಈ ಪದ ಮೂಲತಃ ಅವರದಲ್ಲ. ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವುದಕ್ಕೆ ಇದ್ದ ಮಾತು 'ನಿಮನ್'. ಜರ್ಮನರು ಇಂದಿಗೂ ಬಳಸುವ 'ನೇಮನ್' ಅದರ ದಾಯಾದಿ. ಸಮುದ್ರದ ಆಚೆಯಿಂದ ದಂಡೆತ್ತಿ ಬಂದು, ಆಮೇಲೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯದವರ 'ತಾಕಾ' ಎಂಬ ಪದ ಹಳೆಯ ಇಂಗ್ಲಿಷಿನ ಕೊನೆಗಾಲದಲ್ಲಿ ಬರಹಕ್ಕೆ ಇಳಿಯಿತು. ಮುಂದಿನ ಕೆಲವು ಶತಮಾನಗಳಲ್ಲಿ 'ನಿಮನ್' ಮೂಲೆಗುಂಪಾಗಿ ಹೋಯಿತು. ಅದರ ಎರಡು ಚೂರುಗಳು ಮಾತ್ರ ಈಗಲೂ ಉಳಿದಿವೆ. ಚುರುಕಾಗಿ ಹಿಡಿಯಬಲ್ಲವನು 'ನಿಂಬಲ್', ಚಳಿಯೋ ಆಘಾತವೋ ಹಿಡಿದು ಮರಗಟ್ಟಿದವನು 'ನಂಬ್'. ಕೊಡುವುದಕ್ಕೆ ಹೇಳುವ 'ಗಿವ್' ತನ್ನ ಇಂದಿನ ಗಕಾರವನ್ನು ಪಡೆದದ್ದೂ ಆ ಜನರ ಉಚ್ಚಾರದ ಪ್ರಭಾವದಿಂದಲೇ, ಪಡೆಯುವುದಕ್ಕೆ ಹೇಳುವ 'ಗೆಟ್' ಬಂದದ್ದೂ ಅವರಿಂದಲೇ. ಕೊಡುವುದು, ಪಡೆಯುವುದು, ತೆಗೆದುಕೊಳ್ಳುವುದು, ಈ ಮೂರಕ್ಕೂ ಒಂದು ಜನಾಂಗ ತನ್ನ ಮೇಲೆ ದಂಡೆತ್ತಿ ಬಂದವರ ಮಾತನ್ನೇ ಒಪ್ಪಿಕೊಂಡಿತೆಂದರೆ, ಅವರು ಎಷ್ಟು ಹತ್ತಿರದ ನೆರೆಹೊರೆಯವರಾಗಿ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತ ಬದುಕಿರಬೇಕು! ಮುಂಬಯಿಯಲ್ಲಿ ಕನ್ನಡ ಆಡುವ ನಮಗೆ ಇದು ಅರ್ಥವಾಗದ ವಿಷಯವಲ್ಲ.

ನನ್ನ ಕಪಾಟಿನಲ್ಲಿ ಎರಡು ಹಳೆಯ ನಿಘಂಟುಗಳ ಮರುಮುದ್ರಣಗಳು ಅಕ್ಕಪಕ್ಕ ನಿಂತಿವೆ. ಒಂದು, 1831ರಲ್ಲಿ ಇದೇ ಮುಂಬಯಿಯಲ್ಲಿ ಮೊದಲು ಪ್ರಕಟವಾಗಿ 1857ರಲ್ಲಿ ಪರಿಷ್ಕಾರಗೊಂಡ ಮೋಲ್ಸ್‌ವರ್ತ್‌ನ ಮರಾಠಿ ಕೋಶ. ಇನ್ನೊಂದು, 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟೆಲ್‌ರ ಕನ್ನಡ ಕೋಶ. ಒಂದರಲ್ಲಿ 'ಘೇಣೆ', ಇನ್ನೊಂದರಲ್ಲಿ 'ಕೊಳ್' ತೆರೆದು ಒಟ್ಟಿಗೆ ಓದುವುದು ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಚಟ. ಹಾಗೆ ಓದುತ್ತಿದ್ದಾಗಲೇ ನನಗೆ ಹೊಳೆದದ್ದು, ಟೇಕ್‌ಗೆ ಕನ್ನಡದ ನಿಜವಾದ ಜೋಡಿ 'ತೆಗೆ' ಅಲ್ಲವೇ ಅಲ್ಲ ಎಂಬುದು. ತೆಗೆ ಎಂದರೆ ಮುಚ್ಚಿದ್ದನ್ನು ಅಥವಾ ಒಳಗಿದ್ದನ್ನು ಹೊರಗೆ ಮಾಡುವುದು. ಅದಕ್ಕೇ ನಾವು ಬಾಗಿಲು ತೆಗೆಯುತ್ತೇವೆ, ಕಣ್ಣು ತೆಗೆಯುತ್ತೇವೆ, ಜಗಳ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ. ತೆಗೆದದ್ದನ್ನು ನಮ್ಮದಾಗಿಸುವ ಕೆಲಸವನ್ನು ಅದರ ಬೆನ್ನಿಗೆ ಬರುವ 'ಕೊಳ್ಳು' ಮಾಡುತ್ತದೆ. ಹಳಗನ್ನಡದಲ್ಲಿ ಕೊಳ್ ಒಂದೇ ಸಾಕಾಗಿತ್ತು. ಇಂದು ಅದು ಒಂಟಿಯಾಗಿ ನಿಂತಾಗ ಹಣ ಕೊಟ್ಟು ಕೊಳ್ಳುವುದಕ್ಕೆ ಸೀಮಿತವಾಗಿದೆ. ಅಲ್ಲಿಯೂ ಅದಕ್ಕೆ ತನ್ನ ಮೇಲೆ ತನಗೇ ನಂಬಿಕೆ ಸಾಲದೆ 'ಕೊಂಡುಕೊಳ್ಳು' ಎಂದು ಎರಡು ಸಲ ಬರುತ್ತದೆ.

ಇಲ್ಲಿ ಎರಡು ಭಾಷೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಇಂಗ್ಲಿಷಿನಲ್ಲಿ ಟೇಕ್ ಮುಂದೆ ನಡೆಯುತ್ತದೆ, ಆಫ್, ಇನ್, ಅಪ್ ಎಂಬ ಚಿಕ್ಕ ಪದಗಳು ಅದರ ಹಿಂದೆ ಬಾಲದಂತೆ ಸೇರಿ ಅರ್ಥವನ್ನು ತಿರುಗಿಸುತ್ತವೆ. ಕನ್ನಡದಲ್ಲಿ ಕೊಳ್ಳು ತಾನೇ ಬಾಲವಾಗಿ ಬೇರೆಲ್ಲ ಕ್ರಿಯಾಪದಗಳ ಹಿಂದೆ ಹೋಗಿ ಸೇರುತ್ತದೆ: ಮಾಡಿಕೊ, ಬರೆದುಕೊ, ತಿಳಿದುಕೊ, ಉಟ್ಟುಕೊ. ಕೆಲಸದ ಫಲ ಮಾಡಿದವನಿಗೇ ಬರುತ್ತದೆ ಎಂಬುದು ಅದರ ಸೂಚನೆ. ಫಲ ಒಳ್ಳೆಯದೇ ಆಗಿರಬೇಕೆಂದೇನೂ ಇಲ್ಲ, ಕೈ ಕೊಯ್ದುಕೊಂಡವನಿಗೂ ತಲೆ ಕೆಡಿಸಿಕೊಂಡವನಿಗೂ ಅದೇ ಕೊಳ್ಳು. ತಮಿಳಿನ ಕೊಳ್, ತೆಲುಗಿನ ಕೊನು ಇದೇ ಕೆಲಸ ಮಾಡುವುದು ಆಶ್ಚರ್ಯವಲ್ಲ, ಅವು ಒಂದೇ ಬಳಗ. ಬೇರೆ ಮನೆತನದ ಮರಾಠಿಯೂ 'ಕರೂನ್ ಘೇ' ಎಂದು, ಹಿಂದಿಯೂ 'ಕರ್ ಲೋ' ಎಂದು ತಮ್ಮ ತಮ್ಮ ಟೇಕ್‌ಗಳನ್ನು ಇದೇ ರೀತಿ ಹಿಂದಕ್ಕೆ ಕಟ್ಟಿವೆ. ಮಾಡಿಕೊಡು ಎಂಬುದಕ್ಕೆ ಅವುಗಳಲ್ಲಿಯೂ ಸರಿಸಮವಾದ 'ಕರೂನ್ ದೇ', 'ಕರ್ ದೋ' ಇವೆ. ಹೀಗಾಗಿ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಕೇಳುವ ಮಾತುಗಳಲ್ಲಿ ಇಂಗ್ಲಿಷೊಂದೇ ಈ ವಿಷಯದಲ್ಲಿ ಪರಕೀಯ. ಆದರೂ ಒಂದು ಕಡೆ ಅದು ನಮ್ಮ ಹತ್ತಿರ ಬರುತ್ತದೆ. 'ನೀವು ಬರುವುದಿಲ್ಲ ಎಂದು ಅಂದುಕೊಳ್ಳುತ್ತೇನೆ' ಎನ್ನುವಲ್ಲಿ ಇಂಗ್ಲಿಷಿನವನು 'ಐ ಟೇಕ್ ಇಟ್' ಎನ್ನುತ್ತಾನೆ. ಅಂದುಕೊಳ್ಳುವುದರಲ್ಲಿರುವ ಕೊಳ್ಳು ಅಲ್ಲಿ ಬೆತ್ತಲಾಗಿ ಮುಂದೆ ಬಂದು ನಿಂತಂತೆ ಕಾಣುತ್ತದೆ.

ಪರೀಕ್ಷೆಯ ವಿಷಯದಲ್ಲಿ ಈ ನಗರದಲ್ಲಿ ಆಗುವ ಗೊಂದಲಕ್ಕೆ ಮಿತಿಯಿಲ್ಲ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು ಟೇಕ್ ಮಾಡುತ್ತಾನೆ. ಮರಾಠಿಯಲ್ಲಿ ಅದು ತಲೆಕೆಳಗು: ವಿದ್ಯಾರ್ಥಿ ಪರೀಕ್ಷೆ ಕೊಡುತ್ತಾನೆ, ಶಿಕ್ಷಕರು ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಯೋಚಿಸಿದರೆ ಮರಾಠಿಯದೇ ನ್ಯಾಯವಾದ ಮಾತು, ಏಕೆಂದರೆ ಮೂರು ತಾಸು ಕೂತು ಬೆವರು ಸುರಿಸಿ ಏನನ್ನಾದರೂ ಕೊಡುವವನು ವಿದ್ಯಾರ್ಥಿ, ಆರಾಮವಾಗಿ ಕಟ್ಟು ಕಟ್ಟಿ ತೆಗೆದುಕೊಂಡು ಹೋಗುವವರು ಶಿಕ್ಷಕರು. ಇದರಿಂದಲೇ ಮುಂಬಯಿಯ ಹುಡುಗರು ಇಂಗ್ಲಿಷಿನಲ್ಲಿಯೂ 'ಐ ಗೇವ್ ಮೈ ಎಕ್ಸಾಮ್' ಎನ್ನುತ್ತಾರೆ, ಪರದೇಶದಿಂದ ಬಂದವರು ಅದನ್ನು ಕೇಳಿ ಇಷ್ಟು ಚಿಕ್ಕ ವಯಸ್ಸಿಗೆ ಇವನು ಪ್ರಾಧ್ಯಾಪಕನೇ ಎಂದು ಬೆರಗಾಗುತ್ತಾರೆ. ಕನ್ನಡ ಈ ಕೊಡುಕೊಳ್ಳುವಿಕೆಗೇ ಹೋಗದೆ ಪರೀಕ್ಷೆ ಬರೆಯುತ್ತದೆ ಅಥವಾ ಪರೀಕ್ಷೆಗೆ ಕೂರುತ್ತದೆ. ನಮ್ಮ ಕಾಲದಲ್ಲಿ ಪರೀಕ್ಷೆ ಕಟ್ಟುತ್ತಿದ್ದೆವು. ಶುಲ್ಕ ಕಟ್ಟುವುದೇ ಪರೀಕ್ಷೆಯ ಅತ್ಯಂತ ಕಠಿಣ ಭಾಗವಾಗಿದ್ದುದರಿಂದ ಆ ಮಾತು ನನಗೆ ಇಂದಿಗೂ ಸರಿಯೆನಿಸುತ್ತದೆ.

ಇನ್ನೊಂದು ಉದಾಹರಣೆ ನನಗೆ ಸಿಕ್ಕಿದ್ದು ಮದುವೆಯ ಮನೆಯಲ್ಲಿ. ನನ್ನ ಹೆಂಡತಿಯ ತಂಗಿಯ ಮಗಳನ್ನು ಠಾಣೆಯ ಮರಾಠಿ ಮನೆತನಕ್ಕೆ ಕೊಟ್ಟಾಗ, ಹೊಸಿಲಿನ ಮೇಲೆ ನಿಂತ ಮದುಮಗಳಿಗೆ ಅವಳ ಅತ್ತೆಯ ಕಡೆಯ ಹೆಂಗಸರು 'ನಾವ್ ಘೇ, ನಾವ್ ಘೇ' ಎಂದು ಒತ್ತಾಯಿಸತೊಡಗಿದರು. ಪ್ರಾಸಕಟ್ಟಿ ಗಂಡನ ಹೆಸರು ಹೇಳುವ ಉಖಾಣೆಯ ಪದ್ಧತಿ ಅದು. ಧಾರವಾಡದ ಕಡೆ ಅದೇ ಒಡಪು, ಆದರೆ ಅಲ್ಲಿ ಹೆಸರು ತೆಗೆದುಕೊಳ್ಳುವುದಿಲ್ಲ, ಹೆಸರು ಹೇಳುತ್ತಾರೆ. ನಮ್ಮ ಕಡೆಯ ಒಬ್ಬ ತರುಣಿ, ವಿದೇಶದಲ್ಲಿ ಕೆಲಸ ಮಾಡುವವಳು, ಇದನ್ನು ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಂಡು ಗಂಭೀರವಾಗಿ, "ಅವಳಿಗೆ ಇಷ್ಟ ಇಲ್ಲದಿದ್ದರೆ ಯಾಕೆ ಒತ್ತಾಯ ಮಾಡ್ತಾರೆ ಚಿಕ್ಕಮ್ಮ, ಈಗ ಎಷ್ಟೋ ಜನ ತಮ್ಮ ಹೆಸರನ್ನೇ ಇಟ್ಕೋತಾರೆ" ಎಂದಳು. ಇಂಗ್ಲಿಷಿನಲ್ಲಿ ಗಂಡನ ಹೆಸರು ತೆಗೆದುಕೊಳ್ಳುವುದೆಂದರೆ ಅವನ ಅಡ್ಡಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಳ್ಳುವುದು. ಮರಾಠಿಯಲ್ಲಿ ಅವನ ಹೆಸರನ್ನು ಬಾಯಿಂದ ಉಚ್ಚರಿಸುವುದು. ಬೇಡದವನ ಹೆಸರಾದರೆ ಕನ್ನಡದಲ್ಲಿ ಅದನ್ನು ತೆಗೆದುಕೊಳ್ಳುವುದೂ ಇಲ್ಲ, ಹೇಳುವುದೂ ಇಲ್ಲ, ಎತ್ತುವುದು: 'ಅವನ ಹೆಸರು ಎತ್ತಬೇಡ'. ಭಾರವಾದುದನ್ನಲ್ಲವೇ ಎತ್ತಬೇಕಾಗುವುದು!

ಕಾಲದ ಲೆಕ್ಕದಲ್ಲಿಯೂ ಟೇಕ್ ನಮ್ಮಲ್ಲಿಗೆ ಬರುವಾಗ ವೇಷ ಬದಲಿಸುತ್ತದೆ. ಡೊಂಬಿವಲಿಯಿಂದ ಫೋರ್ಟಿಗೆ ಹೋಗಲು ಫಾಸ್ಟ್ ಲೋಕಲ್ ಒಂದು ತಾಸಿಗಿಂತ ಹೆಚ್ಚು ಟೇಕ್ ಮಾಡುತ್ತದೆ ಎಂಬುದನ್ನು ನಾನು ಒಂದು ತಾಸಿಗಿಂತ ಹೆಚ್ಚು ಹಿಡಿಯುತ್ತದೆ ಎನ್ನುತ್ತೇನೆ. ನನ್ನ ಹೆಂಡತಿ "ತಾಸಿನ ಮ್ಯಾಲೆ ಹತ್ತತದ" ಎನ್ನುತ್ತಾಳೆ. ಅವಳ ಹತ್ತುವುದು ಮರಾಠಿಯ 'ಲಾಗಣೆ'ಯ ಪಕ್ಕದ ಮನೆಯದು. ಆ ಲೋಕಲನ್ನೂ ನಾವು ಹಿಡಿಯುತ್ತೇವೆ, ಒಳಗಿನ ಸೀಟನ್ನೂ ಹಿಡಿಯುತ್ತೇವೆ. ಬಟ್ಟೆ ಬಣ್ಣ ಹಿಡಿಯುವುದಕ್ಕೂ ಗಿಡದ ಕಸಿ ಹಿಡಿಯುವುದಕ್ಕೂ ಇಂಗ್ಲಿಷಿನಲ್ಲಿ ಟೇಕ್ ಸಲ್ಲುತ್ತದೆ. ಖಾಲಿ ಸೀಟಿನ ಮುಂದೆ ನಿಂತ ಇಂಗ್ಲಿಷಿನವನು ಈ ಸೀಟು 'ಟೇಕನ್' ಆಗಿದೆಯೇ ಎಂದು ಸೀಟಿನ ಗತಿಯನ್ನು ಕೇಳುತ್ತಾನೆ. ನಾವು "ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕಾಣದ ಮನುಷ್ಯನನ್ನು ವಿಚಾರಿಸುತ್ತೇವೆ.

ಇಷ್ಟೆಲ್ಲ ದಾರಿಗಳಿದ್ದರೂ ನಮ್ಮ ಇತ್ತೀಚಿನ ಬರವಣಿಗೆ ಟೇಕ್ ಕಂಡಲ್ಲೆಲ್ಲ ಕಣ್ಣು ಮುಚ್ಚಿ 'ತೆಗೆದುಕೊಳ್ಳು' ಎಂದು ಬರೆಯುತ್ತಿರುವುದು ನನಗೆ ಬೇಸರ ತರುತ್ತದೆ. ನಿರ್ಧರಿಸಿದರು ಎಂದರೆ ಮುಗಿಯುವಲ್ಲಿ ನಿರ್ಧಾರ ತೆಗೆದುಕೊಂಡರು ಎನ್ನುತ್ತೇವೆ. ಕ್ರಮ ಕೈಗೊಂಡರು ಎಂಬ ಸೊಗಸಾದ ಮಾತಿನಲ್ಲಿ ಹಳಗನ್ನಡದ ಕೊಳ್ ಕೈಹಿಡಿದು ನಿಂತಿರುವಾಗ ಅದನ್ನೂ ಬಿಟ್ಟು ಕ್ರಮ ತೆಗೆದುಕೊಂಡರು ಎಂದು ಬರೆಯುತ್ತೇವೆ. ಸೇಡಿನ ವಿಷಯದಲ್ಲಿ ಮಾತ್ರ ಕನ್ನಡ ಇನ್ನೂ ಜಗ್ಗಿಲ್ಲ. ಇಂಗ್ಲಿಷಿನವನು ಸೇಡನ್ನು ತೆಗೆದುಕೊಳ್ಳುತ್ತಾನೆ, ನಾವು ಸಾಲದಂತೆ ಅದನ್ನು ತೀರಿಸಿಕೊಳ್ಳುತ್ತೇವೆ. ಆದರೆ ನಾನು ಶುದ್ಧಿಯ ಪಹರೆಗಾರನಲ್ಲ. ಮುಂಬಯಿಯ ಹಿಂದಿಯ 'ಟೆನ್ಷನ್ ನಹೀ ಲೇನೇ ಕಾ' ಎಂಬುದನ್ನು ನಮ್ಮ ಹುಡುಗರು 'ಟೆನ್ಷನ್ ತಗೋಬೇಡ' ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಯಾರೂ ಟೆನ್ಷನ್ನನ್ನು ಟೇಕ್ ಮಾಡುವುದಿಲ್ಲ, ಆದರೂ ಈ ಮಾತು ನನಗೆ ಹಿಡಿಸುತ್ತದೆ. ಹೊರಗಿನಿಂದ ಯಾರೋ ಕೊಡಲು ಬಂದ ಪದಾರ್ಥವನ್ನು ಬೇಡವೆಂದು ಹಿಂದಕ್ಕೆ ತಳ್ಳುವ ಗತ್ತು ಅದರಲ್ಲಿದೆ, ಪಾರಸಿ ಹಿರಿಯರು ದೋಸೆಯನ್ನು ತಳ್ಳಿದ ಹಾಗೆ.

ದವಾಖಾನೆಯಲ್ಲಿ ಡಾಕ್ಟರು ಎಕ್ಸ್-ರೇ ನೋಡಿ, ಗುಳಿಗೆ ಬರೆದುಕೊಟ್ಟು, ಮರಾಠಿಯಲ್ಲಿ 'ಕಾಳಜೀ ಘ್ಯಾ' ಎಂದರು. ಅದು ಪದಕ್ಕೆ ಪದ ಇಂಗ್ಲಿಷಿನ 'ಟೇಕ್ ಕೇರ್'. ಹೊರಗೆ ಬಂದ ಮೇಲೆ ಹೆಂಡತಿ ಮೊಮ್ಮಗಳ ಸಪ್ಪೆ ಮುಖ ನೋಡಿ "ಕಾಳಜಿ ಮಾಡಬ್ಯಾಡವಾ, ಏನೂ ಆಗಿಲ್ಲ" ಎಂದಳು. ಹುಡುಗಿ ತಟ್ಟನೆ ಹಿಡಿದಳು: ಡಾಕ್ಟರು ಕಾಳಜಿ ಮಾಡು ಎಂದರೆ ಅಜ್ಜಿ ಮಾಡಬೇಡ ಎನ್ನುವುದೇಕೆ? ಮರಾಠಿಯಲ್ಲಿ ಕಾಳಜಿಯನ್ನು ತೆಗೆದುಕೊಂಡರೆ ಆರೈಕೆ, ಕಾಳಜಿಯನ್ನು ಮಾಡಿದರೆ ಚಿಂತೆ, ಧಾರವಾಡದ ಅಜ್ಜಿ ಆಡಿದ್ದು ಎರಡನೆಯದು ಎಂದು ವಿವರಿಸಿದೆ. ಇಂಗ್ಲಿಷಿನ 'ಕೇರ್' ಎಂಬುದಕ್ಕೂ ಹಿಂದೆ ದುಃಖ, ಚಿಂತೆ ಎಂಬ ಅರ್ಥವೇ ಇತ್ತು, ಟೇಕ್ ಜೊತೆಗೆ ಸೇರಿದಾಗ ಅದು ಎಚ್ಚರವೂ ಆರೈಕೆಯೂ ಆಗುತ್ತದೆ ಎಂದೂ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ ಕಾಣೆ. ನಮ್ಮ ಕುಂದಾಪುರದ ಕಡೆ ಇಂಥ ತೊಡಕಿಲ್ಲ, 'ಜಾಗ್ರತೆ' ಎಂದರೆ ಮುಗಿಯಿತು.

ಮನೆಗೆ ಬಂದ ಮೇಲೆ ಅವಳು ಆಫೀಸಿನಲ್ಲಿದ್ದ ತಾಯಿಗೆ ಫೋನ್ ಮಾಡಿ ಒಂದೊಂದೇ ಪದವನ್ನು ಆರಿಸಿ ಆಡುತ್ತಿದ್ದುದು ಒಳಕೋಣೆಗೆ ಕೇಳಿಸುತ್ತಿತ್ತು. "ಅಜ್ಜೀನ್ನ ಕರ್ಕೊಂಡು ಹೋಗಿದ್ವಿ. ಎಕ್ಸ್-ರೇ ತಗೊಂಡು ಬಂದ್ವಿ. ಕೋಲು ಅಲ್ಲೇ ಬಿಟ್ಟು ಬಂದ್ವಿ." ಚಪ್ಪಲಿ ಮೆಟ್ಟಿಕೊಂಡು ನಾನು ಮತ್ತೆ ಮೆಟ್ಟಿಲು ಇಳಿದೆ.